ಕೆರೆಯ ಆಹಾರ ಜಾಲದಲ್ಲಿ ಪರದೇಶಿ ಮೀನುಗಳು

ಕೆರೆಯೆಂದರೆ ಕೇವಲ ನಿಂತ ನೀರಲ್ಲ. ಅಲ್ಲಿ ಪಾಚಿ ಹಾಗೂ ಜಲಸಸ್ಯಗಳು ಬಿಸಿಲಿನ ನೆರವಿನಿಂದ ಆಹಾರ ತಯಾರಿಸುತ್ತವೆ. ಪಾಚಿಯನ್ನು ಮೇಯುವ ಸೂಕ್ಷ್ಮ ಪ್ರಾಣಿಪ್ಲವಕಗಳು ಸಣ್ಣ ಮೀನುಗಳಿಗೆ ಆಹಾರವಾಗುತ್ತವೆ. ಸಣ್ಣ ಮೀನುಗಳನ್ನು ಕೊರವದಂಥ ಬೇಟೆಗಾರ ಮೀನುಗಳೂ ನೀರುಕಾಗೆ, ಮಿಂಚುಳ್ಳಿಗಳೂ ತಿನ್ನುತ್ತವೆ. ಸತ್ತದ್ದೆಲ್ಲ ಕೆಸರು ಸೇರಿ ಮತ್ತೆ ಗೊಬ್ಬರವಾಗುತ್ತದೆ. ಈ ಹೆಣಿಗೆಯೇ ಆಹಾರ ಜಾಲ. ಇದರೊಳಗೆ ಹೊಸ ಮೀನೊಂದು ನುಸುಳಿದರೆ ಅದರ ಪರಿಣಾಮ ಅದು ತಿನ್ನುವ ಜೀವಿಗಷ್ಟೇ ಸೀಮಿತವಾಗುವುದಿಲ್ಲ. ಮೇಲಿನ, ಕೆಳಗಿನ ಎಳೆಗಳೂ ಸಡಿಲಗೊಳ್ಳುತ್ತವೆ.

ಹೊರಗಿನಿಂದ ತಂದ ಮೀನುಗಳೆಲ್ಲವೂ ಆಕ್ರಮಣಕಾರಿಯಲ್ಲ. ಕಾಟ್ಲಾ, ರೋಹು ಮೂಲತಃ ಗಂಗಾ ಬಯಲಿನ ಮೀನುಗಳು. ನಿಂತ ನೀರಿನಲ್ಲಿ ಇವು ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲವಾದ್ದರಿಂದ ಕೆರೆಗಳಿಗೆ ಮರಿಗಳನ್ನು ಮತ್ತೆ ಮತ್ತೆ ಬಿಡಬೇಕಾಗುತ್ತದೆ. ತಾನಾಗಿಯೇ ಸಂತಾನ ಬೆಳೆಸಿ, ಹರಡಿ, ಸ್ಥಳೀಯ ಜೀವಿಗಳಿಗೆ ಕುತ್ತು ತರುವ ಮೀನನ್ನು ಆಕ್ರಮಣಕಾರಿ ಎನ್ನಲಾಗುತ್ತದೆ.

ತಳ ಕಲಕುವ ಗೆಂಡೆ

ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಭಾರತಕ್ಕೆ ಬಂದದ್ದು 1939ರಲ್ಲಿ, ನೀಲಗಿರಿಗೆ. ಇದು ಕೆಸರನ್ನು ಬಗೆದು ಹುಳುಗಳನ್ನು ಹುಡುಕಿ ತಿನ್ನುತ್ತದೆ. ಸಂಖ್ಯೆ ಮಿತಿಮೀರಿದಾಗ ಜಲಸಸ್ಯಗಳು ಬೇರುಸಹಿತ ಕೀಳುತ್ತವೆ. ತಳದಲ್ಲಿದ್ದ ರಂಜಕ ನೀರಿಗೆ ಬೆರೆಯುತ್ತದೆ. ನೀರು ಬಗ್ಗಡವಾಗಿ ಪಾಚಿ ಹೆಚ್ಚುತ್ತದೆ.

ಸೊಳ್ಳೆ ತಿನ್ನಲು ಬಂದ ಮೀನು

ಮಲೇರಿಯಾ ನಿಯಂತ್ರಣಕ್ಕೆಂದು ಗಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ತರಲಾಯಿತು. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಈ ಪುಟ್ಟ ಮೀನು ಸೊಳ್ಳೆಯ ಲಾರ್ವಾಗಳ ಜೊತೆಗೆ ಪ್ರಾಣಿಪ್ಲವಕಗಳನ್ನೂ, ಇತರ ಮೀನುಗಳ ಮೊಟ್ಟೆ-ಮರಿಗಳನ್ನೂ ತಿನ್ನುತ್ತದೆ. ಅಮೆರಿಕದ ವಿಜ್ಞಾನಿಗಳು ಕೃತಕ ಕೊಳಗಳಲ್ಲಿ ನಡೆಸಿ 1972ರಲ್ಲಿ ಪ್ರಕಟಿಸಿದ ಪ್ರಯೋಗವು, ಗಂಬೂಸಿಯಾ ಇದ್ದಲ್ಲಿ ಪ್ರಾಣಿಪ್ಲವಕ ಕುಸಿದು ಪಾಚಿ ಹೆಚ್ಚಿದ್ದನ್ನು ತೋರಿಸಿತು. ಮೇಯುವವರೇ ಇಲ್ಲವಾದಾಗ ಪಾಚಿಗೆ ಅಡ್ಡಿಯಿಲ್ಲ.

ಜಿಲೇಬಿಯ ಜನಸಂಖ್ಯೆ

ಮಾರುಕಟ್ಟೆಯಲ್ಲಿ ‘ಜಿಲೇಬಿ’ ಎಂದು ಕರೆಸಿಕೊಳ್ಳುವ ತಿಲಾಪಿಯಾ ಆಫ್ರಿಕಾ ಮೂಲದ್ದು. ಮೊಸಾಂಬಿಕ್ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ. ಪಾಚಿ, ಕೊಳೆತ ಪದಾರ್ಥ, ಹುಳು ಯಾವುದಾದರೂ ಇದಕ್ಕೆ ಆಹಾರವೇ. ತಾಯಿಮೀನು ಮೊಟ್ಟೆಗಳನ್ನೂ ಎಳೆಯ ಮರಿಗಳನ್ನೂ ಬಾಯಲ್ಲಿಟ್ಟು ಕಾಯುವುದರಿಂದ ಮರಿಗಳು ಬದುಕುಳಿಯುವ ಪ್ರಮಾಣ ಹೆಚ್ಚು. ಎರಡು-ಮೂರು ತಿಂಗಳಲ್ಲೇ ಪ್ರೌಢಾವಸ್ಥೆ ತಲುಪಿ ವರ್ಷದಲ್ಲಿ ಹಲವು ಬಾರಿ ಸಂತಾನ ಪಡೆಯುತ್ತದೆ. ಆಹಾರಕ್ಕೆ ಪೈಪೋಟಿ ಹೆಚ್ಚಿ ಸ್ಥಳೀಯ ಮೀನುಗಳು ಹಿಂದೆ ಬೀಳುತ್ತವೆ. ದಟ್ಟಣೆಯಿಂದ ಜಿಲೇಬಿಯೂ ಗಿಡ್ಡಾಗುತ್ತದೆ. ಬಲೆ ತುಂಬಿದರೂ ಮೀನುಗಾರನಿಗೆ ಬೆಲೆ ಸಿಗದಿರುವುದು ಹೀಗೆ.

ಮೇಲ್ತುದಿಯ ಬೇಟೆಗಾರ

ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿತು. ಆದರೂ ಕದ್ದುಮುಚ್ಚಿ ಸಾಕುವುದು ನಿಂತಿಲ್ಲ. ಗಾಳಿಯಿಂದಲೇ ಉಸಿರಾಡಬಲ್ಲ ಈ ಮೀನು ಆಮ್ಲಜನಕವಿಲ್ಲದ ನೀರಿನಲ್ಲೂ ಬದುಕುತ್ತದೆ, ಒದ್ದೆ ನೆಲದ ಮೇಲೆ ತೆವಳುತ್ತದೆ. ಮೀನು, ಕಪ್ಪೆ, ಹುಳು ಎಲ್ಲವನ್ನೂ ನುಂಗುತ್ತದೆ. ಮಳೆಗಾಲದಲ್ಲಿ ಸಾಕಣೆ ಹೊಂಡ ಉಕ್ಕಿದರೆ ಅದು ಒಂದೇ ಕೆರೆಯಲ್ಲಿ ಉಳಿಯುವುದಿಲ್ಲ. ನಮ್ಮ ಕೆರೆಗಳು ಸರಣಿಯಲ್ಲಿವೆ. ಬೆಳ್ಳಂದೂರಿನ ಕೋಡಿ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ಮೇಲಿನ ಕೆರೆಯ ಅಜಾಗರೂಕತೆಗೆ ಕೆಳಗಿನ ಕೆರೆಗಳು ದಂಡ ತೆರುತ್ತವೆ.

ಮೀನಿದ್ದರೆ ಸಾಲದು

ಎಲ್ಲ ದೋಷವನ್ನೂ ಮೀನಿನ ಮೇಲೆ ಹೊರಿಸುವಂತಿಲ್ಲ. ಕೊಳಚೆ ನೀರು ಸೇರಿ ಆಮ್ಲಜನಕ ಕುಸಿದ ಕೆರೆಯಲ್ಲಿ ಸ್ಥಳೀಯ ಮೀನುಗಳು ಮೊದಲೇ ಸೊರಗಿರುತ್ತವೆ. ಸಹಿಷ್ಣುವಾದ ಪರದೇಶಿ ಮೀನುಗಳು ಆ ತೆರವನ್ನು ತುಂಬುತ್ತವೆ. ಆದ್ದರಿಂದ ಕೆರೆಯಲ್ಲಿ ಮೀನು ಹೇರಳವಾಗಿರುವುದೇ ಆರೋಗ್ಯದ ಲಕ್ಷಣವಲ್ಲ. ಯಾವ ಮೀನು, ಎಷ್ಟು ಬಗೆಯ ಮೀನು ಎಂಬುದು ಮುಖ್ಯ.

ಒಮ್ಮೆ ನೆಲೆಯೂರಿದ ಮೀನನ್ನು ದೊಡ್ಡ ಕೆರೆಯಿಂದ ಪೂರ್ಣವಾಗಿ ತೆಗೆಯುವುದು ಬಹುತೇಕ ಅಸಾಧ್ಯ. ತಡೆಯುವುದೇ ಸುಲಭದ ದಾರಿ. ಕೊಳಚೆ ನಿಲ್ಲಬೇಕು, ಬೇಸಿಗೆಯಲ್ಲಿ ನೀರಿಳಿದಾಗ ಇಂಥ ಮೀನುಗಳನ್ನು ಹಿಡಿದು ತೆಗೆಯಬೇಕು, ಸೊಳ್ಳೆ ನಿಯಂತ್ರಣಕ್ಕೆ ಲಾರ್ವಾ ತಿನ್ನುವ ಸ್ಥಳೀಯ ಮೀನುಗಳನ್ನೇ ಬಳಸಬೇಕು. ಬೇಡವಾದ ಅಕ್ವೇರಿಯಂ ಮೀನನ್ನು ಕರುಣೆಯಿಂದಲೇ ಆದರೂ ಕೆರೆಗೆ ಬಿಡಬಾರದು. ಒಂದು ಮೀನಿನ ಮೇಲಿನ ಆ ಕರುಣೆ ಕೆರೆಯ ಉಳಿದ ಜೀವಿಗಳಿಗೆ ಮುಳುವಾಗಬಹುದು.