ಕಲ್ಲು ಉಳೀತು, ಕಾಮೆಂಟ್ ಹೋಯ್ತು

ದಾವಣಗೆರೆ–ಹರಿಹರ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಈ ಸಂಚಿಕೆ ಕೇಳ್ತಿರೋರು ಯಾರಾದ್ರೂ ಇದ್ರೆ, ಇಳಿದ ಮೇಲೆ ಹರಿಹರೇಶ್ವರ ದೇವಸ್ಥಾನಕ್ಕೆ ಒಮ್ಮೆ ಹೋಗಿ ಬನ್ನಿ. ಸೆಲ್ಫಿ ಆಮೇಲೆ. ಮೊದಲು ಅಲ್ಲಿರೋ ಶಾಸನದ ಕಲ್ಲುಗಳ ಮುಂದೆ ಎರಡು ನಿಮಿಷ ನಿಂತ್ಕೊಳ್ಳಿ.

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಈ ಗುಡಿ ಕಟ್ಟಿಸಿದ. 1268ರಲ್ಲಿ ಸೋಮ ದಂಡನಾಯಕ, ಅದೇ ಸೋಮನಾಥಪುರದ ದೇವಸ್ಥಾನ ಕಟ್ಟಿಸಿದೋನು, ಇಲ್ಲಿ ಇನ್ನಷ್ಟು ಸೇರಿಸಿದ. ನನಗೆ ಇಷ್ಟವಾದ ಕಥೆ ಮಾತ್ರ ವಿಜಯನಗರದ ಕಾಲದ್ದು. ಸೂಳೆಕೆರೆಯಿಂದ ಹರಿದು ಬಂದು ತುಂಗಭದ್ರೆ ಸೇರೋ ಹರಿದ್ರಾ ನದಿ ಗೊತ್ತಲ್ಲ? 1410ರಲ್ಲಿ ಅದಕ್ಕೊಂದು ಅಣೆಕಟ್ಟು ಕಟ್ಟಿದ್ರು. ಕಾಲುವೆ ನೀರು ಹಾಯೋ ಜಮೀನಿನಲ್ಲಿ ದೇವರಿಗೆಷ್ಟು, ಬ್ರಾಹ್ಮಣರಿಗೆಷ್ಟು ಅಂತ ಮಾತಾಡಿಕೊಂಡು ಕಲ್ಲಲ್ಲಿ ಕೊರೆಸಿದ್ರು. ಹದಿನಾಲ್ಕು ವರ್ಷಕ್ಕೆ ಆ ಕಟ್ಟೆ ಒಡೀತು. 1424ರಲ್ಲಿ ರಿಪೇರಿ ಮಾಡಿಸಿ, ಅದನ್ನೂ ಇನ್ನೊಂದು ಶಾಸನದಲ್ಲಿ ಬರೆಸಿದ್ರು. ಒಡೆದದ್ದನ್ನೂ ಮುಚ್ಚಿಡದೆ ಬರೆಸಿದಾರೆ ನೋಡಿ, ನಮಗಿಂತ ವಾಸಿ.

ಬಿ.ಎಲ್. ರೈಸ್ ಅವರು ಈ ಶಾಸನಗಳನ್ನೆಲ್ಲ 1903ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ರು. ಆದ್ರೆ ಪುಸ್ತಕ ತೆಗೆದು ‘ಹರಿಹರ ತಾಲ್ಲೂಕು’ ಅಂತ ಹುಡುಕಿದ್ರೆ ಸಿಗಲ್ಲ. ಚಿತ್ರದುರ್ಗ ಜಿಲ್ಲೆಯ ಸಂಪುಟ ತೆಗೀಬೇಕು, ಅದರಲ್ಲಿ ದಾವಣಗೆರೆ ತಾಲ್ಲೂಕು ನೋಡಬೇಕು. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಊರು ಇದ್ದಲ್ಲೇ ಇತ್ತು, ವಿಳಾಸ ಮಾತ್ರ ಬದಲಾಯ್ತು. ಆದ್ರೂ ಪುಸ್ತಕದಲ್ಲಿ ಪ್ರತಿ ಶಾಸನಕ್ಕೂ ಒಂದು ನಂಬರು, ಜಾಗದ ಹೆಸರು ಇದೆ. ಅದಕ್ಕೇ ನೂರಿಪ್ಪತ್ತು ವರ್ಷದ ಮೇಲೂ ಹುಡುಕಿದರೆ ಸಿಗುತ್ತೆ.

ಈಗ ನಮ್ಮ ಗುಂಪಿನ ಕಥೆಗೆ ಬರೋಣ. ಭಾನುವಾರ ಬೈಕ್ ತಗೊಂಡು ಹಳ್ಳಿ ಹಳ್ಳಿ ಸುತ್ತಿ ವೀರಗಲ್ಲು, ಮಾಸ್ತಿಗಲ್ಲು ಹುಡುಕೋ ಹುಚ್ಚಿನ ಮಂದಿ ನಾವು. ಶುರುವಾಗಿದ್ದು ಆರ್ಕುಟ್‌ನಲ್ಲಿ. ಹೌದ್ರಿ, ಹಂಗೊಂದಿತ್ತು, ನಿಮ್ಮಲ್ಲಿ ಅರ್ಧ ಜನಕ್ಕೆ ನೆನಪಿರಲಿಕ್ಕಿಲ್ಲ. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಹೋಯ್ತು, ಯಾಹೂ ಗ್ರೂಪ್ಸ್ 2020ರಲ್ಲಿ, ಕನ್ನಡದಲ್ಲೂ ಇದ್ದ ಕೂ 2024ರಲ್ಲಿ. ವಾಟ್ಸಾಪ್ ಉಳಿದಿದೆ, ಆದ್ರೆ ಬಹಳ ದಿನ ಒಂದು ಗ್ರೂಪಿಗೆ 256 ಜನ ಅಷ್ಟೇ. ಹಂಗಾಗಿ ‘ಗ್ರೂಪ್ 1’, ‘ಗ್ರೂಪ್ 2’ ಅಂತ ಮಾಡಿದ್ವಿ. ಒಂದರಲ್ಲಿ ಬಂದ ಫೋಟೋ ಇನ್ನೊಂದಕ್ಕೆ ಹೋಗೋ ಹೊತ್ತಿಗೆ ಊರಿನ ಹೆಸರು ಉದುರಿ ಹೋಗ್ತಿತ್ತು. ಮುಂದೆ 1024ಕ್ಕೆ ಏರಿಸಿದ್ರು, ಅಷ್ಟರಲ್ಲಿ ಗುಡ್ ಮಾರ್ನಿಂಗ್ ಹೂವುಗಳ ಹಾವಳಿ.

ಒಂದು ಜಾಗ ಬಿಡುವಾಗ ನಾವು ದೊಡ್ಡ ತಪ್ಪು ಮಾಡಿದ್ವಿ. ಯಾವ ಆ್ಯಪ್ ಅಂತ ಹೇಳಲ್ಲ, ತಪ್ಪು ನಮ್ಮದೇ. ಫೋಟೋಗಳನ್ನೆಲ್ಲ ಡೌನ್‌ಲೋಡ್ ಮಾಡಿದ್ವಿ, ಕಾಮೆಂಟ್ ಬಿಟ್ಟು ಬಂದ್ವಿ. ಕಾಮೆಂಟ್‌ನಲ್ಲಿ ಏನಿತ್ತು? ಹರಿಹರದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಇದ್ರು. ನಾವು ಹಾಕಿದ ಪ್ರತಿ ಫೋಟೋ ಕೆಳಗೆ, ‘ತಮ್ಮಾ, ಮೂರನೇ ಸಾಲು ತಪ್ಪು ಓದಿದೀಯ, ಅದು ಳಕಾರ ಅಲ್ಲ, ಱಕಾರ’ ಅಂತ ತಿದ್ದೋರು. ಕಲ್ಲು ಯಾರ ಹೊಲದಲ್ಲಿದೆ, ಯಾವ ಹುಣಸೆ ಮರದ ಬುಡದಲ್ಲಿದೆ ಅಂತ ಬರೆಯೋರು. ಅದೆಲ್ಲ ಹೋಯ್ತು. ಆಮೇಲೆ ನಾವು ಇನ್ನೊಂದು ಆ್ಯಪ್‌ಗೆ ಹೋದ್ವಿ, ಮೇಷ್ಟ್ರು ಬರಲಿಲ್ಲ. ‘ಮೊಮ್ಮಗ ಹಾಕಿಕೊಟ್ಟಿದ್ದು ಒಂದೇ ನನಗೆ ಗೊತ್ತಿರೋದು’ ಅಂದ್ರು. ಎಲ್ಲ ಸಲವೂ ಹೀಗೇ. ಫೈಲು ದಾಟುತ್ತೆ, ವಯಸ್ಸಾದೋರು ಆ ದಡದಲ್ಲೇ ಉಳೀತಾರೆ.

ಬೆಂಗಳೂರಿನೋರು ಇದರಲ್ಲಿ ಜಾಣರು ಅನ್ಸುತ್ತೆ. ಅಲ್ಲೂ ಫೇಸ್‌ಬುಕ್‌ನಲ್ಲಿ ಶಾಸನಪ್ರಿಯರು ಸೇರ್ಕೊಂಡಿದ್ರು. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಾಗ ಊರವರೇ ಮುಂದೆ ನಿಂತು ಅದಕ್ಕೊಂದು ಮಂಟಪ ಮಾಡಿಸಿದ್ರು. 2021ರಲ್ಲಿ, 1909ರಿಂದ ಇರೋ ಮಿಥಿಕ್ ಸೊಸೈಟಿಯ ಕೈಕೆಳಗೆ ಶಾಸನಗಳ 3ಡಿ ಸ್ಕ್ಯಾನ್ ಕೆಲಸ ಶುರುವಾಯ್ತು. ಹರಟೆಗೆ ಯಾವ ಆ್ಯಪ್ ಆದರೂ ಆಗಲಿ, ದಾಖಲೆಗೆ ಮಾತ್ರ ಗಟ್ಟಿ ಮನೆ ಬೇಕು ಅಂತ ಅವರಿಗೆ ಮೊದಲೇ ಹೊಳೆದಿತ್ತು.

ನಮಗೆ ಹೊಳೆದಿದ್ದು ತಡವಾಗಿ. ಈಗ ಫೋಟೋ ಹಾಕೋ ಮುಂಚೆ ಊರು, ತಾಲ್ಲೂಕು, ತಾರೀಕು, ಓದಿದೋರ ಹೆಸರು ಒಂದು ಪಟ್ಟಿಗೆ ಸೇರಿಸ್ತೀವಿ. ತಿಂಗಳಿಗೊಮ್ಮೆ ಅದನ್ನ ಪ್ರಿಂಟ್ ತೆಗೀತೀವಿ. ಹೊಸ ಹುಡುಗ್ರು ಗೊಣಗ್ತಾರೆ, ಗೊಣಗಲಿ.

ಹೋದ ಭಾನುವಾರ ಹೆಸರಿಲ್ಲದ ಹತ್ತು ಫೋಟೋ ಪ್ರಿಂಟ್ ಹಾಕಿಸ್ಕೊಂಡು ಮೇಷ್ಟ್ರ ಮನೆಗೆ ಹೋದ್ವಿ. ಮಂಡಕ್ಕಿ, ಮೆಣಸಿನಕಾಯಿ ಕೊಟ್ರು. ಕನ್ನಡಕ ಒರೆಸ್ಕೊಂಡು ಒಂದೊಂದೇ ನೋಡಿದ್ರು. ನಾಲ್ಕನೇದು ಕೈಗೆ ಬಂದಾಗ, ‘ಇದು ರಸ್ತೆ ಅಗಲ ಮಾಡುವಾಗ ಎತ್ತಿಟ್ಟ ಕಲ್ಲಲ್ವೇನೋ?’ ಅಂದ್ರು. ಫೋಟೋ ತಿರುಗಿಸಿ ಹಿಂದೆ ಪೆನ್ನಲ್ಲಿ ಊರಿನ ಹೆಸರು ಬರೆದ್ರು. ಉಳಿದ ಒಂಬತ್ತನ್ನು ಬಹಳ ಹೊತ್ತು ನೋಡಿ, ತಲೆ ಅಲ್ಲಾಡಿಸಿ ವಾಪಸ್ ಕೊಟ್ರು.