ಉಗಿಬಂಡಿಯ ಲೆಕ್ಕ ಬರೆದ ಹುಡುಗರು

ಏನನ್ನಾದರೂ ಕೂಡಿಹಾಕಬೇಕೆಂಬ ಚಪಲ ಹುಡುಗರಿಗೆ ಹುಟ್ಟುಗುಣ. ನಮ್ಮ ಮನೆಗಳಲ್ಲಿಯೂ ಬೆಂಕಿಪೊಟ್ಟಣದ ಚೀಟಿ, ಅಂಚೆಯ ಸ್ಟಾಂಪು, ಗೋಲಿ ಇವುಗಳಿಗೆ ಒಂದೊಂದು ಡಬ್ಬಿ ಮೀಸಲಾಗಿದ್ದುದನ್ನು ಬಲ್ಲವರು ಬಲ್ಲರು. ಎರಡನೆಯ ಮಹಾಯುದ್ಧದ ನಂತರದ ಇಪ್ಪತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಹುಡುಗರು ಕೂಡಿಹಾಕಿದ್ದಾದರೋ ಡಬ್ಬಿಯಲ್ಲಿ ಇಡುವಂಥ ವಸ್ತುವಲ್ಲ. ಅವರು ಕೂಡಿಹಾಕಿದ್ದು ರೈಲ್ವೆ ಎಂಜಿನುಗಳ ನಂಬರು. ಒಂದು ಪೆನ್ನಿ ಕೊಟ್ಟು ಪ್ಲಾಟ್‌ಫಾರಂ ಟಿಕೆಟ್ಟು ಪಡೆದು, ಜೇಬಿನಲ್ಲಿ ಬ್ರೆಡ್ಡಿನ ಬುತ್ತಿ, ಕೈಯಲ್ಲಿ ಪೆನ್ಸಿಲು ಹಿಡಿದು, ಬೆಳಗಿನಿಂದ ಸಂಜೆಯವರೆಗೆ ಸ್ಟೇಷನ್ನಿನ ತುದಿಯಲ್ಲಿ ನಿಂತು, ಹಾದುಹೋಗುವ ಪ್ರತಿಯೊಂದು ಎಂಜಿನಿನ ನಂಬರನ್ನೂ ಬರೆದುಕೊಳ್ಳುವುದು. ಇಷ್ಟೇ ಆಟ. ಇದಕ್ಕೆ ‘ಟ್ರೈನ್ ಸ್ಪಾಟಿಂಗ್’ ಎಂದು ಹೆಸರು.

ಹಿರಿಯರಿಗೆ ಇದು ನಗೆಪಾಟಲಿನ ಸಂಗತಿಯಾಗಿತ್ತು. ನಂಬರು ಬರೆದುಕೊಂಡರೆ ಬಂದ ಭಾಗ್ಯವೇನು ಎಂದು ಕೇಳಿದವರೇ ಹೆಚ್ಚು. ಆದರೆ ನೂರಾ ಮೂವತ್ತು ವರ್ಷಕ್ಕೂ ಮಿಗಿಲಾಗಿ ಆ ದೇಶದ ಹಳಿಗಳ ಮೇಲೆ ಓಡಿದ ಉಗಿಬಂಡಿ ಒಮ್ಮೆಗೇ ಕಣ್ಮರೆಯಾದಾಗ, ಅದರ ಕಡೆಯ ದಿನಗಳಿಗೆ ಸಾಕ್ಷಿಯಾಗಿ ಉಳಿದವರು ಈ ಹುಡುಗರೇ. ಉಗಿಯ ಎಂಜಿನು ಹೋಗಿ ಡೀಸಲ್ ಎಂಜಿನು ಬಂದ ಕಥೆಯನ್ನು ಅವರ ನೋಟ್‌ಬುಕ್ಕಿನ ಮೂಲಕ ನೋಡುವುದು ಸ್ವಾರಸ್ಯವಾದುದು.

ಹುಡುಗಾಟಿಕೆಗೆ ಒಂದು ಕಟ್ಟುಪಾಡು ಒದಗಿದ್ದು 1942ರಲ್ಲಿ. ಲಂಡನ್ನಿನ ವಾಟರ್ಲೂ ಸ್ಟೇಷನ್ನಿನಲ್ಲಿದ್ದ ಸದರ್ನ್ ರೈಲ್ವೆಯ ಕಚೇರಿಯಲ್ಲಿ ಇಯಾನ್ ಅಲನ್ ಎಂಬ ಇಪ್ಪತ್ತರ ಆಸುಪಾಸಿನ ಗುಮಾಸ್ತನಿದ್ದ. ಎಂಜಿನುಗಳ ವಿಷಯವಾಗಿ ಸಾರ್ವಜನಿಕರು ಬರೆಯುತ್ತಿದ್ದ ಕಾಗದಗಳಿಗೆ ಉತ್ತರ ಕೊಡುವುದು ಅವನ ಪಾಲಿನ ಕೆಲಸ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯುವುದಕ್ಕಿಂತ, ಕಂಪೆನಿಯ ಎಂಜಿನುಗಳ ನಂಬರು, ಹೆಸರು, ಅಳತೆಗಳನ್ನೆಲ್ಲ ಒಂದು ಕಿರುಹೊತ್ತಗೆಯಲ್ಲಿ ಅಚ್ಚು ಮಾಡಿಬಿಟ್ಟರೆ ಹೇಗೆ ಎಂದು ಅವನಿಗೆ ತೋರಿತು. ಕಂಪೆನಿ ಈ ಕೆಲಸಕ್ಕೆ ಕೈಹಾಕಲು ಒಪ್ಪಲಿಲ್ಲ. ಅವನೇ ಧೈರ್ಯಮಾಡಿ 2,000 ಪ್ರತಿ ಹಾಕಿಸಿ, ಪ್ರತಿಯೊಂದಕ್ಕೆ ಒಂದು ಷಿಲ್ಲಿಂಗ್ ಬೆಲೆಯಿಟ್ಟ. ಪುಸ್ತಕಗಳು ಬೇಗನೆ ಮುಗಿದುಹೋದುವು. ಮುಂದೆ ಉಳಿದ ಕಂಪೆನಿಗಳ ಎಂಜಿನುಗಳ ಮೇಲೂ ಇಂಥವೇ ಹೊತ್ತಗೆಗಳು ಬಂದುವು. ‘ಎಬಿಸಿ’ ಎಂದೇ ಹೆಸರಾದ ಈ ಪುಸ್ತಕ ಒಂದು ತಲೆಮಾರಿನ ಹುಡುಗರ ಜೇಬಿನಲ್ಲಿ ಮಗ್ಗಿಪುಸ್ತಕದಂತೆ ಸವೆಯಿತು.

1948ರ ಜನವರಿ 1ರಂದು ಬ್ರಿಟನ್ನಿನ ನಾಲ್ಕು ದೊಡ್ಡ ರೈಲ್ವೆ ಕಂಪೆನಿಗಳು ರಾಷ್ಟ್ರೀಕರಣವಾಗಿ ‘ಬ್ರಿಟಿಷ್ ರೈಲ್ವೇಸ್’ ಎಂದಾಯಿತು. ಆ ದಿನ ಹೊಸ ಆಡಳಿತದ ಕೈಗೆ ಬಂದ ಉಗಿ ಎಂಜಿನುಗಳು ಸುಮಾರು 20,000. ಒಂದೇ ನಂಬರು ಎರಡು ಎಂಜಿನಿಗೆ ಬಾರದಂತೆ, ಸದರ್ನ್ ಕಂಪೆನಿಯ ನಂಬರುಗಳಿಗೆ 30,000ವನ್ನೂ, ಎಲ್.ಎಂ.ಎಸ್. ಕಂಪೆನಿಯವಕ್ಕೆ 40,000ವನ್ನೂ, ಎಲ್.ಎನ್.ಇ.ಆರ್. ಕಂಪೆನಿಯವಕ್ಕೆ 60,000ವನ್ನೂ ಕೂಡಿಸಿದರು. ಗ್ರೇಟ್ ವೆಸ್ಟರ್ನ್ ಕಂಪೆನಿಯ ನಂಬರುಗಳು ಮಾತ್ರ ಹಾಗೆಯೇ ಉಳಿದುವು. ಅವು ಎರಕದ ಹಿತ್ತಾಳೆ ಫಲಕಗಳ ಮೇಲಿದ್ದುವು. ಹೀಗಾಗಿ ನಂಬರು ನೋಡಿದೊಡನೆ ಎಂಜಿನಿನ ಕುಲಗೋತ್ರ ತಿಳಿಯುತ್ತಿತ್ತು. ಹೊಗೆಪೆಟ್ಟಿಗೆಯ ಬಾಗಿಲ ಕೆಳಗಡೆ ಇನ್ನೊಂದು ಪುಟ್ಟ ಫಲಕ. ‘5ಎ’ ಎಂದಿದ್ದರೆ ಅದು ಕ್ರೂ ಊರಿನ ಉತ್ತರ ಷೆಡ್ಡಿನದು. ‘34ಎ’ ಎಂದಿದ್ದರೆ ಲಂಡನ್ನಿನ ಕಿಂಗ್ಸ್ ಕ್ರಾಸಿನದು. ಹುಡುಗ ಕಂಡ ನಂಬರಿನ ಕೆಳಗೆ ಮನೆಗೆ ಬಂದು ಗೆರೆ ಎಳೆಯುತ್ತಿದ್ದ. ಮೊದಲ ಸಲ ಕಂಡ ಎಂಜಿನಿಗೆ ‘ಕಾಪ್’ ಎಂದು ಅವರ ಪರಿಭಾಷೆ. ಒಂದು ವರ್ಗದ ಎಲ್ಲ ನಂಬರುಗಳಿಗೂ ಗೆರೆ ಬಿದ್ದ ದಿನ ಹಬ್ಬವೇ ಸರಿ.

ಈ ಆಟಕ್ಕೆ ಪ್ರಸಿದ್ಧವಾದ ತಾಣಗಳಲ್ಲಿ ಟ್ಯಾಮ್‌ವರ್ತ್ ಒಂದು. ಅಲ್ಲಿ ಕೆಳಗೊಂದು ಹಳಿ, ಅದರ ಮೇಲೆ ಅಡ್ಡಹಾಯುವ ಇನ್ನೊಂದು ಹಳಿ. ನಿಂತಲ್ಲಿಯೇ ಎರಡು ಮಾರ್ಗದ ಗಾಡಿಗಳು ಕಾಣುತ್ತಿದ್ದುವು. 1944ರಲ್ಲಿ ಇದೇ ಊರಿನಲ್ಲಿ ಹುಡುಗರು ಹಳಿಯ ಮೇಲೆ ಹೋಗಿ ಸಿಕ್ಕಿಬಿದ್ದ ಪ್ರಕರಣವಾದ ಮೇಲೆ ಅಲನ್ ಅವರಿಗಾಗಿ ಒಂದು ಕ್ಲಬ್ಬನ್ನೇ ತೆರೆದ. ರೈಲ್ವೆಯ ನೆಲವನ್ನು ಅಪ್ಪಣೆಯಿಲ್ಲದೆ ತುಳಿಯಕೂಡದೆಂಬುದು ಅದರ ಮುಖ್ಯ ನಿಯಮ. ಎಲ್ಲರೂ ಅದನ್ನು ಪಾಲಿಸಿದರೆಂದು ಹೇಳಲಾಗದು. ಭಾನುವಾರ ಲೋಕೋ ಷೆಡ್ಡುಗಳಿಗೆ ಕದ್ದು ನುಗ್ಗಿ, ಫೋರ್‌ಮನ್ನನ ಕಣ್ಣು ತಪ್ಪಿಸಿ, ಸಾಲಾಗಿ ನಿಂತ ಎಂಜಿನುಗಳ ನಂಬರು ಬರೆದುಕೊಂಡು ಓಡಿಬಂದವರಿಗೆ ಲೆಕ್ಕವಿಲ್ಲ.

ಕಣ್ಣಿನಷ್ಟೇ ಕಿವಿಗೂ ಇಲ್ಲಿ ಕೆಲಸವಿತ್ತು. ರೇಡಿಯೋ ಕೇಳುವವರಿಗೆ ಈ ಮಾತು ವಿಶೇಷವಾಗಿ ರುಚಿಸೀತು. ಎರಡು ಸಿಲಿಂಡರಿನ ಎಂಜಿನು ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಉಸಿರು ಬಿಡುತ್ತದೆ. ಮೂರು ಸಿಲಿಂಡರಿನದು ಆರು ಸಲ. ಆದುದರಿಂದ ಮಂಜು ಮುಸುಕಿದ ಬೆಳಗಿನಲ್ಲಿ, ಗಾಡಿ ತಿರುವಿನ ಆಚೆ ಇರುವಾಗಲೇ, ಬರುವುದು ಯಾವ ಜಾತಿಯದೆಂದು ಹುಡುಗರು ತಾಳದಿಂದಲೇ ಹೇಳಬಲ್ಲವರಾಗಿದ್ದರು. ಸಿನಿಮಾಗಳ ಧ್ವನಿಮುದ್ರಕರಾಗಿದ್ದ ಪೀಟರ್ ಹ್ಯಾಂಡ್‌ಫರ್ಡ್ ಈ ಸದ್ದುಗಳನ್ನು ಊರೂರು ತಿರುಗಿ ಹಿಡಿದಿಟ್ಟರು. ರಾತ್ರಿಯ ನಿಶ್ಶಬ್ದದಲ್ಲಿ ಏರು ಹತ್ತುವ ಗೂಡ್ಸ್ ಗಾಡಿಯ ಏದುಸಿರು ಗ್ರಾಮಫೋನ್ ಪ್ಲೇಟುಗಳಾಗಿ ಮಾರಾಟವಾಯಿತು. ಮುಂದೆ ‘ಔಟ್ ಆಫ್ ಆಫ್ರಿಕಾ’ ಚಿತ್ರದ ಧ್ವನಿಗಾಗಿ ಆಸ್ಕರ್ ಪ್ರಶಸ್ತಿಯಲ್ಲಿ ಪಾಲು ಪಡೆದವರೂ ಇವರೇ.

ಹಾಗಾದರೆ ಇಷ್ಟು ಚೆಲುವಿನ ಯಂತ್ರವನ್ನು ಕೈಬಿಟ್ಟದ್ದೇಕೆ? ಚೆಲುವು ನೋಡುವವರದು, ಬೆವರು ದುಡಿಯುವವರದು. ಉಗಿ ಎಂಜಿನಿಗೆ ಹೊರಡುವ ಹೊತ್ತಿಗೆ ಎಷ್ಟೋ ಗಂಟೆ ಮೊದಲು ಬೆಂಕಿ ಹಾಕಬೇಕು. ಹಿಂದಿರುಗಿದ ಮೇಲೆ ಬೂದಿ ತೋಡಬೇಕು, ಆಗಾಗ ಬಾಯ್ಲರು ತೊಳೆಯಬೇಕು. ಇಷ್ಟು ಮಾಡಿದರೂ ಸುಟ್ಟ ಕಲ್ಲಿದ್ದಲಿನ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲೂ ಗಾಡಿ ಎಳೆಯುವುದಕ್ಕೆ ಒದಗುತ್ತಿರಲಿಲ್ಲ. ಯುದ್ಧದ ನಂತರ ಕಾರ್ಖಾನೆಗಳಲ್ಲಿ ಕೆಲಸ ಬೇಕಾದಷ್ಟಿದ್ದಾಗ ಮಸಿ ಬಳಿದುಕೊಳ್ಳುವ ಈ ಕೆಲಸಕ್ಕೆ ಆಳುಗಳು ಸಿಗುವುದು ಕಷ್ಟವಾಯಿತು. ಒಳ್ಳೆಯ ಕಲ್ಲಿದ್ದಲೂ ದುರ್ಲಭವಾಯಿತು. 1956ರಲ್ಲಿ ನಗರಗಳ ಹೊಗೆ ತಡೆಯುವ ಕಾನೂನೂ ಬಂದಿತು. ಡೀಸಲ್ ಎಂಜಿನಾದರೋ ಗುಂಡಿ ಒತ್ತಿದರೆ ಹೊರಡುತ್ತದೆ, ನಿಲ್ಲಿಸಿದರೆ ಸುಮ್ಮನಾಗುತ್ತದೆ. ಬದಲಾವಣೆಗೆ ಕಾರಣವಿರಲಿಲ್ಲವೆಂದು ಯಾರೂ ಹೇಳಲಾರರು.

ಆಶ್ಚರ್ಯವಿರುವುದು ಅದರ ಅವಸರದಲ್ಲಿ. ಕಲ್ಲಿದ್ದಲು ಸ್ವಂತ ನೆಲದ್ದು, ಎಣ್ಣೆ ಹೊರದೇಶದ್ದು ಎಂಬ ಲೆಕ್ಕಾಚಾರದಿಂದ ಬ್ರಿಟಿಷ್ ರೈಲ್ವೇಸ್ 1951ರಿಂದ ಹೊಸ ಮಾದರಿಯ ಉಗಿ ಎಂಜಿನುಗಳನ್ನು ಕಟ್ಟತೊಡಗಿತ್ತು. 1955ರಲ್ಲಿ 1,240 ದಶಲಕ್ಷ ಪೌಂಡುಗಳ ಆಧುನೀಕರಣ ಯೋಜನೆ ಪ್ರಕಟವಾಗಿ, ಉಗಿಗೆ ಅಂತ್ಯವೆಂದು ನಿಶ್ಚಯವಾಯಿತು. ಆದರೂ ಎಂಜಿನು ಕಟ್ಟುವುದು ಇನ್ನೂ ಐದು ವರ್ಷ ನಡೆದೇ ಇತ್ತು. ಹೀಗೆ ಕಟ್ಟಿದ 999 ಎಂಜಿನುಗಳಲ್ಲಿ ಕಡೆಯದು, 92220 ನಂಬರಿನದು, 1960ರ ಮಾರ್ಚಿಯಲ್ಲಿ ಸ್ವಿಂಡನ್ ಕಾರ್ಖಾನೆಯಿಂದ ಹೊರಬಿದ್ದಿತು. ಅದಕ್ಕೆ ‘ಈವನಿಂಗ್ ಸ್ಟಾರ್’ ಎಂದರೆ ಸಂಜೆಯ ತಾರೆ ಎಂದು ಹೆಸರಿಟ್ಟರು. ಮೂವತ್ತು ನಲವತ್ತು ವರ್ಷ ದುಡಿಯಬಲ್ಲ ಯಂತ್ರ ಅದು. 1965ರ ಮಾರ್ಚಿಯಲ್ಲಿ, ಐದೇ ವರ್ಷಕ್ಕೆ, ಕೆಲಸದಿಂದ ನಿವೃತ್ತಿಯಾಯಿತು. ಅತ್ತ ಡೀಸಲ್ ಎಂಜಿನುಗಳನ್ನು ಹಲವು ಕಂಪೆನಿಗಳಿಂದ, ಸಾಕಷ್ಟು ಪರೀಕ್ಷೆಯಿಲ್ಲದೆಯೇ, ತರಿಸಿಕೊಂಡರು. ಅವುಗಳಲ್ಲಿ ಕೆಲವು ತಾವು ಓಡಿಸಿದ ಉಗಿಬಂಡಿಗಳ ಹಿಂದೆಯೇ ಗುಜರಿ ಸೇರಿದುವು. ಭಾರತಕ್ಕೂ ಉಗಿ ಎಂಜಿನುಗಳನ್ನು ಕಟ್ಟಿ ಕಳುಹಿಸಿದ್ದ ಗ್ಲ್ಯಾಸ್ಗೋದ ನಾರ್ತ್ ಬ್ರಿಟಿಷ್ ಕಂಪೆನಿ ಡೀಸಲ್ ಯುಗಕ್ಕೆ ಹೊಂದಿಕೊಳ್ಳಲಾರದೆ 1962ರಲ್ಲಿ ಮುಳುಗಿತು.

ಹುಡುಗರ ಪುಸ್ತಕದಲ್ಲಿ ಇದೆಲ್ಲ ಹೇಗೆ ಮೂಡಿತೆಂದರೆ, ಗೆರೆ ಎಳೆಯುವುದರ ಜೊತೆಗೆ ಹೊಡೆದುಹಾಕುವುದೂ ಮೊದಲಾಯಿತು. ಲಂಡನ್ನಿನಿಂದ ಎಡಿನ್‌ಬರೊ ಮಾರ್ಗದಲ್ಲಿ 1961-62ರಲ್ಲಿ ‘ಡೆಲ್ಟಿಕ್’ ಎಂಬ 3,300 ಅಶ್ವಶಕ್ತಿಯ ಡೀಸಲ್ ಎಂಜಿನುಗಳು ಬಂದುವು. ಇಪ್ಪತ್ತೆರಡೇ ಡೆಲ್ಟಿಕ್‌ಗಳು ಐವತ್ತೈದು ದೊಡ್ಡ ಉಗಿ ಎಂಜಿನುಗಳ ಕೆಲಸವನ್ನು ವಹಿಸಿಕೊಂಡುವು. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿಯ ಜಾಗತಿಕ ದಾಖಲೆ ಸ್ಥಾಪಿಸಿದ ‘ಮಲಾರ್ಡ್’ ಓಡುತ್ತಿದ್ದ ಮಾರ್ಗವೂ ಅದೇ. 1963ರ ಬೀಚಿಂಗ್ ವರದಿ 2,363 ಸ್ಟೇಷನ್ನುಗಳನ್ನು ಮುಚ್ಚಬೇಕೆಂದು ಸೂಚಿಸಿತು. ಎಂಜಿನಿನ ಜೊತೆಗೆ ಅದನ್ನು ನಿಂತು ನೋಡುತ್ತಿದ್ದ ಪ್ಲಾಟ್‌ಫಾರಮ್ಮೂ ಹೋಗುವ ಕಾಲ ಬಂದಿತು.

ದುಡಿಯುವವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಒಂದೇ ಪಯಣದಲ್ಲಿ ಟನ್ನುಗಟ್ಟಲೆ ಕಲ್ಲಿದ್ದಲನ್ನು ಸಲಿಕೆಯಿಂದ ಎತ್ತಿ ಹಾಕಿದ ಫೈರ್‌ಮನ್ನನಿಗೆ ಡೀಸಲ್ ಎಂಜಿನಿನ ಬೆಚ್ಚನೆಯ ಕೋಣೆ, ಮೆತ್ತನೆಯ ಆಸನ ಬೇಡವಾದೀತೆ? ಅನೇಕರು ಅದನ್ನು ಸಂತೋಷದಿಂದಲೇ ಬರಮಾಡಿಕೊಂಡರು. ಆದರೆ ಬೆಂಕಿಯ ಬಣ್ಣ ನೋಡಿ ಕಲ್ಲಿದ್ದಲು ಎಲ್ಲಿ ಹಾಕಬೇಕೆಂದು ಅರಿಯುವುದು, ಏರು ಬರುವ ಮುಂಚೆಯೇ ಉಗಿ ಕೂಡಿಸಿಕೊಳ್ಳುವುದು, ಇವು ಎಂಜಿನು ಒರೆಸುವ ಹುಡುಗನಾಗಿ ಸೇರಿ ಹತ್ತಾರು ವರ್ಷ ಪಳಗಿ ಬಂದ ವಿದ್ಯೆ. ಕಮ್ಮಾರನ ಕೈಯಲ್ಲಿರುವಂಥ ಆ ವಿದ್ಯೆಯನ್ನು ಯಾವ ಕಾಗದದಲ್ಲಿಯೂ ಪೂರ್ತಿ ಬರೆದಿಡುವಂತಿಲ್ಲ. ಐವತ್ತು ದಾಟಿದವನಿಗೆ ಅದು ಒಂದು ದಿನ ನಿರುಪಯೋಗಿ ಆಯಿತು. ಬೆಂಕಿಯೇ ಇಲ್ಲದ ಎಂಜಿನಿನಲ್ಲಿ ಫೈರ್‌ಮನ್ನನಿಗೇನು ಕೆಲಸವೆಂಬ ಪ್ರಶ್ನೆಯೂ ಎದ್ದಿತು.

1968ರ ಆಗಸ್ಟ್ ಹೊತ್ತಿಗೆ ಉಗಿಗೆ ಉಳಿದಿದ್ದ ಷೆಡ್ಡುಗಳು ಮೂರೇ: ಕಾರ್ನ್‌ಫರ್ತ್, ಲಾಸ್ಟಕ್ ಹಾಲ್, ರೋಸ್ ಗ್ರೋವ್. ಮೂರೂ ಲ್ಯಾಂಕಷೈರಿನವು. ಆ ತಿಂಗಳ 11ನೆಯ ತಾರೀಖು ಭಾನುವಾರ ಲಿವರ್‌ಪೂಲಿನಿಂದ ಮ್ಯಾಂಚೆಸ್ಟರ್ ಮೂಲಕ ಕಾರ್ಲೈಲಿಗೆ ಹೋಗಿಬರುವ ಬೀಳ್ಕೊಡುಗೆಯ ಗಾಡಿಯೊಂದನ್ನು ಹೊರಡಿಸಿದರು. ಟಿಕೆಟ್ಟಿಗೆ ಹದಿನೈದು ಗಿನಿ; ಆ ಕಾಲಕ್ಕೆ ಬಹಳ ದುಬಾರಿ. ಸರದಿಯಂತೆ ಅದನ್ನು ಎಳೆದ ಎಂಜಿನುಗಳು ನಾಲ್ಕು: 45110, 70013, 44781, 44871. ದಾರಿಯುದ್ದಕ್ಕೂ ಸೇತುವೆಗಳ ಮೇಲೆ, ಹೊಲಗಳ ಬೇಲಿಯ ಪಕ್ಕದಲ್ಲಿ ಜನ ನೆರೆದಿದ್ದರು. ಹಿಂದೆ ಪೆನ್ಸಿಲು ಹಿಡಿದು ನಿಂತವರಲ್ಲಿ ಹಲವರಿಗೆ ಅಷ್ಟರಲ್ಲಿ ಮೀಸೆ ಬಂದು, ಕೈಗೆ ಕ್ಯಾಮರಾ ಬಂದಿತ್ತು. ಮರುದಿನದಿಂದ ದೊಡ್ಡ ಹಳಿಗಳ ಮೇಲೆ ಉಗಿಗೆ ನಿಷೇಧ. ಹಳೆಯ ಕರಾರಿನ ಬಲದಿಂದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಬ ಒಂದು ಎಂಜಿನು ಮಾತ್ರ ಅದರಿಂದ ಪಾರಾಗಿತ್ತು.

ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ವೇಲ್ಸಿನ ತ್ಯಾಲಿಥ್ಲಿನ್ ಎಂಬ ಸಣ್ಣ ರೈಲುಮಾರ್ಗವನ್ನು 1951ರಲ್ಲಿಯೇ ಸ್ವಯಂಸೇವಕರು ನಡೆಸತೊಡಗಿದ್ದರು. 1960ರಲ್ಲಿ ಸಸೆಕ್ಸಿನ ಬ್ಲೂಬೆಲ್ ಮಾರ್ಗ ಅದೇ ದಾರಿ ಹಿಡಿಯಿತು. ವೇಲ್ಸಿನ ದಕ್ಷಿಣದ ಬ್ಯಾರಿ ಬಂದರಿನಲ್ಲಿ ವುಡ್‌ಹ್ಯಾಮ್ ಎಂಬ ಗುಜರಿ ವ್ಯಾಪಾರಿ 297 ಉಗಿ ಎಂಜಿನುಗಳನ್ನು ಕೊಂಡಿದ್ದ. ಹಳೆಯ ವ್ಯಾಗನ್ನುಗಳನ್ನು ಒಡೆಯುವುದು ಸುಲಭವೆಂದು ಮೊದಲು ಆ ಕೆಲಸಕ್ಕೆ ಕೈಹಾಕಿದ್ದರಿಂದ ಎಂಜಿನುಗಳು ಕಡಲಗಾಳಿಗೆ ತುಕ್ಕು ಹಿಡಿಯುತ್ತ ನಿಂತುವು. ನಂಬರು ಬರೆದುಕೊಂಡು ಬೆಳೆದವರು ಗುಂಪುಕಟ್ಟಿಕೊಂಡು, ಸಂಬಳದಲ್ಲಿ ಉಳಿಸಿದ ಹಣ ಕೂಡಿಸಿ, ಒಂದೊಂದಾಗಿ ಅವನ್ನು ಬಿಡಿಸಿಕೊಂಡು ಹೋದರು. 1968ರಿಂದ 1990ರೊಳಗೆ ಹೀಗೆ ಉಳಿದ ಎಂಜಿನುಗಳು 213. ಒಂದೂ ಉಳಿಯದೆ ಹೋದ ‘ಎ1’ ವರ್ಗದ ಎಂಜಿನನ್ನು ಹೊಸದಾಗಿಯೇ ಕಟ್ಟಿ, ‘ಟೊರ್ನೇಡೊ’ ಎಂದು ಹೆಸರಿಟ್ಟು, 2008ರಲ್ಲಿ ಹಳಿಗೆ ತಂದರು. ಹಳೆಯ ನಲವತ್ತೊಂಬತ್ತರ ಮುಂದಿನ ನಂಬರು, 60163, ಅದಕ್ಕೆ ಬಂದಿತು.

ನಮ್ಮ ದೇಶದಲ್ಲಿ ಈ ಬದಲಾವಣೆ ನಿಧಾನವಾಗಿ ನಡೆಯಿತು. ಚಿತ್ತರಂಜನ್ ಕಾರ್ಖಾನೆ 1970ರಲ್ಲಿ ತನ್ನ ಕಡೆಯ ಬ್ರಾಡ್‌ಗೇಜ್ ಉಗಿ ಎಂಜಿನನ್ನು ಕಟ್ಟಿ ಅದಕ್ಕೆ ‘ಅಂತಿಮ್ ಸಿತಾರಾ’ ಎಂದು ಹೆಸರಿಟ್ಟಿತು. ಸ್ವಿಂಡನ್ನಿನ ತಾರೆಗೆ ಹತ್ತು ವರ್ಷ ಕಿರಿಯ ತಾರೆ. ಬ್ರಾಡ್‌ಗೇಜಿನ ದೈನಂದಿನ ಓಡಾಟದಲ್ಲಿ ಉಗಿ 1995ರವರೆಗೂ ಬಾಳಿತು. ತಮ್ಮಲ್ಲಿ ಉಗಿ ಹೋಯಿತೆಂದು ಕೊರಗುತ್ತಿದ್ದ ಇಂಗ್ಲಿಷರು ಅಷ್ಟು ಕಾಲವೂ ನಮ್ಮ ಸ್ಟೇಷನ್ನುಗಳಿಗೆ ನೋಟ್‌ಬುಕ್ಕು ಹಿಡಿದು ಬರುತ್ತಿದ್ದರು. ಮೈಸೂರಿನ ಸ್ಟೇಷನ್ನಿನ ಪಕ್ಕದಲ್ಲಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯದಲ್ಲಿ ಉಗಿ ಎಂಜಿನುಗಳನ್ನು ಇಂದಿಗೂ ಕೈಯಿಂದ ಮುಟ್ಟಿ ನೋಡಬಹುದು.

ಎಂಜಿನು ಯಾವ ವರ್ಷ ಹುಟ್ಟಿತು, ಯಾವ ವರ್ಷ ಗುಜರಿಗೆ ಹೋಯಿತು ಎಂಬುದನ್ನು ಕಚೇರಿಯ ಕಡತ ಹೇಳುತ್ತದೆ. ಒಂದು ಶನಿವಾರ ಮಧ್ಯಾಹ್ನ ಯಾವ ಎಂಜಿನು ಯಾವ ಗಾಡಿಯನ್ನು ಎಳೆದುಕೊಂಡು ಎಷ್ಟು ತಡವಾಗಿ ಬಂದಿತು ಎಂಬುದನ್ನು ತಿಳಿಯಬೇಕಾದರೆ ಅನೇಕ ಸಲ ಹುಡುಗರ ನೋಟ್‌ಬುಕ್ಕೇ ಗತಿ. ಉಗಿಯನ್ನು ಅಟ್ಟಿದ ಡೆಲ್ಟಿಕ್‌ಗಳೂ 1982ರ ಹೊತ್ತಿಗೆ ಕೆಲಸ ಬಿಟ್ಟುವು. ಅವುಗಳಿಗೂ ಜನ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಕಣ್ಣೊರೆಸಿಕೊಂಡರು. ಇಪ್ಪತ್ತೆರಡರಲ್ಲಿ ಆರು ಇಂದಿಗೂ ಉಳಿದಿವೆ. ಈಗ ನಮ್ಮ ಹಳಿಗಳ ಮೇಲೆ ವಿದ್ಯುತ್ ತಂತಿ ಹಬ್ಬಿ, ಡೀಸಲ್ ಎಂಜಿನು ಹಿಂದೆ ಸರಿಯುತ್ತಿದೆ. ನಿಮ್ಮ ಮನೆಯ ಹುಡುಗ ಸ್ಟೇಷನ್ನಿನ ತುದಿಗೆ ಹೋಗಿ ಅದರ ನಂಬರು ಬರೆದುಕೊಂಡು ಬಂದರೆ ಗದರಿಸಬೇಡಿ. ಪುಸ್ತಕವನ್ನು ಜೋಪಾನವಾಗಿಡಲು ಹೇಳಿ.