ಕಾಯಕದ ಕೂಟ: ರಾಮನಗರ ಸೀಮೆಯ ಕಸುಬುಗಳ ಚರಿತ್ರೆ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಪಟ್ಟಣದಲ್ಲಿ ನೆರೆದ ಶರಣಸಮೂಹವು ಕಾಯಕಕ್ಕೆ ಎಂತಹ ಸ್ಥಾನವನ್ನು ಕೊಟ್ಟಿತೆಂಬುದು ಭಕ್ತಮಹಾಶಯರಿಗೆ ಹೊಸದಾಗಿ ತಿಳಿಸಬೇಕಾದ ಸಂಗತಿಯಲ್ಲ. ದೋಣಿ ನಡೆಯಿಸುವ ಚೌಡಯ್ಯನವರೂ, ಬಟ್ಟೆ ಮಡಿಮಾಡುವ ಮಾಚಯ್ಯನವರೂ, ಹಗ್ಗ ಹೊಸೆಯುವ ಚಂದಯ್ಯನವರೂ ತಮ್ಮ ಕಸುಬನ್ನು ಬಿಡದೆಯೇ ಅನುಭವಗೋಷ್ಠಿಯಲ್ಲಿ ಸಮಾನಾಸನವನ್ನು ಪಡೆದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತರಲು, ಧರ್ಮಪತ್ನಿಯಾದ ಲಕ್ಕಮ್ಮನವರು ಅದನ್ನು ಒಳಕ್ಕೆ ಸೇರಿಸದೆ, ತಂದಲ್ಲಿಯೇ ಸುರಿದು ಬರುವಂತೆ ಹಿಂದಿರುಗಿಸಿದ ಕಥೆಯು ಮಠಮಠಗಳಲ್ಲಿ ಪ್ರಸಿದ್ಧವಾಗಿದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ದುಡಿಮೆಯ ಪಾಲು ಎಷ್ಟಿರಬೇಕೆಂಬುದನ್ನು ಮೇಲಿನ ಅಧಿಕಾರಿಯೊಬ್ಬನು ನಿರ್ಣಯಿಸಲಿಲ್ಲ. ದುಡಿಯುವ ಮನೆಯ ಹೆಣ್ಣುಮಗಳು ನಿರ್ಣಯಿಸಿದಳು. ಈ ಒಂದು ಅಳತೆಗೋಲನ್ನು ಹಿಡಿದು ರಾಮನಗರ ಸೀಮೆಯ ಕಸುಬುಗಳ ಚರಿತ್ರೆಯನ್ನು ನೋಡಿದರೆ, ಮೆಚ್ಚತಕ್ಕವೂ ಕೊರಗತಕ್ಕವೂ ಆದ ಸಂಗತಿಗಳು ಕಂಡುಬರುವುವು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ತಾಲ್ಲೂಕುಗಳು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, ಆ ಜಿಲ್ಲೆಯು 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಪಡೆಯಿತು. ಹೆಸರು ಏನಾದರೂ ಆಗಲಿ, ಈ ಸೀಮೆಯ ಬಾಳು ಹಿಪ್ಪುನೇರಳೆಯ ಸೊಪ್ಪನ್ನು ನಂಬಿದುದು. ಟಿಪ್ಪೂ ಸುಲ್ತಾನನ ಕಾಲದಲ್ಲಿ ಮೈಸೂರು ದೇಶಕ್ಕೆ ಬಂದ ರೇಷ್ಮೆಯ ಕೃಷಿಯು ಬಹುಕಾಲ ತಂದೆಯಿಂದ ಮಗನಿಗೆ ಬಂದ ವಾಡಿಕೆಯ ಮೇಲೆಯೇ ನಡೆಯುತ್ತಿದ್ದಿತು. ಗಂಟುರೋಗವು ತಗುಲಿದರೆ ಮನೆಮಂದಿಯೆಲ್ಲ ಹಗಲಿರುಳು ಸೊಪ್ಪು ಹಾಕಿ ಸಾಕಿದ ಹುಳುಗಳು ತಟ್ಟೆತಟ್ಟೆಯಾಗಿ ಸಾಯುವುವು. ರೈತನು ಅದನ್ನು ಹಣೆಬರಹವೆಂದು ತಿಳಿದು ಸುಮ್ಮನಾಗುವನು. ದಿವಾನ್ ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಸರ್ಕಾರದವರು ಇಟಲಿ ದೇಶದ ತಜ್ಞರೊಬ್ಬರನ್ನು ಕರೆಯಿಸಿ, ಚನ್ನಪಟ್ಟಣದಲ್ಲಿ ರೇಷ್ಮೆಯ ಕ್ಷೇತ್ರವನ್ನು ಏರ್ಪಡಿಸಿದರು. ಫ್ರಾನ್ಸ್ ದೇಶದ ಪಾಶ್ಚರ್ ಪಂಡಿತನು ಕಂಡುಹಿಡಿದ ಕ್ರಮದಂತೆ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗದ ಗುರುತು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುವ ವಿದ್ಯೆಯು ಹೀಗೆ ಬೇರೂರಿತು. ಮಾಗಡಿ, ಕುಣಿಗಲುಗಳ ಕಡೆಯ ರೈತರು ಮೈಸೂರು ತಳಿಯ ಬಿತ್ತನೆಗೂಡನ್ನು ಬೆಳೆಯುವುದರಲ್ಲಿ ಹೆಸರಾದರು. ಹಣೆಬರಹವೆನಿಸಿದ್ದುದು ಕಲಿಯಬಹುದಾದ ವಿದ್ಯೆಯಾಯಿತು. ಇದು ಸಣ್ಣ ಮಾತಲ್ಲ.

ಆದರೆ ಬೆಳೆಯಲು ಕಲಿತ ಮಾತ್ರಕ್ಕೆ ಬೆಲೆಯು ಕೈಸೇರುವುದಿಲ್ಲ. ರೇಷ್ಮೆಗೂಡು ರಾಗಿಯಂತೆ ಕಣಜದಲ್ಲಿಟ್ಟು ಕಾಯುವ ಪದಾರ್ಥವಲ್ಲ; ಕೆಲವೇ ದಿನಗಳಲ್ಲಿ ಚಿಟ್ಟೆಯು ಗೂಡನ್ನು ತೂತುಮಾಡಿ ಹೊರಬಿದ್ದರೆ ನೂಲು ಕೆಟ್ಟಂತೆಯೇ ಸರಿ. ಆದಕಾರಣ ಮಾರುವವನಿಗೆ ಅವಸರ, ಕೊಳ್ಳುವವನಿಗೆ ಬಿಡುವು. ಮನೆಯ ಬಾಗಿಲಿಗೆ ಬಂದ ದಲ್ಲಾಳಿಯು ಹೇಳಿದುದೇ ಬೆಲೆ. 1959ರ ಕಾಯಿದೆಯು ಬಿತ್ತನೆ ಮತ್ತು ಗೂಡಿನ ವ್ಯಾಪಾರವನ್ನು ಕಟ್ಟುಪಾಡಿಗೆ ಒಳಪಡಿಸಿತು. ಸರ್ಕಾರದ ಮಾರುಕಟ್ಟೆಯಲ್ಲಿ ಎಲ್ಲರೆದುರು ಹರಾಜು ಕೂಗಿ, ಎಲ್ಲರೆದುರು ತೂಗುವ ಪದ್ಧತಿಯು ನೆಲೆಗೊಂಡಿತು. ರಾಮನಗರದ ಗೂಡಿನ ಮಾರುಕಟ್ಟೆಯು ಏಷ್ಯಾ ಖಂಡದಲ್ಲಿಯೇ ದೊಡ್ಡದೆಂಬ ಖ್ಯಾತಿಯನ್ನು ಪಡೆಯಿತು. ಅಲ್ಲಿ ಗೂಡು ತರುವ ಒಕ್ಕಲಿಗ, ಲಿಂಗವಂತಾದಿ ರೈತರೂ, ಅದನ್ನು ಕೊಂಡು ನೂಲು ಬಿಚ್ಚಿಸುವ ಮುಸಲ್ಮಾನ ಬಂಧುಗಳೂ ಒಂದೇ ತಕ್ಕಡಿಯನ್ನು ನಂಬಿ ಬಾಳುವರು.

ಇಷ್ಟಾದರೂ ಒಂದು ಲೋಪವನ್ನು ಮರೆಮಾಡುವುದು ಸಲ್ಲದು. ಬೆಳೆದವನಿಗೂ ಕೊಂಡವನಿಗೂ ಆ ಮಾರುಕಟ್ಟೆಯಲ್ಲಿ ಮಾತುಂಟು. ಕುದಿಯುವ ನೀರಿನಲ್ಲಿ ಬೆರಳದ್ದಿ ಎಳೆ ಹಿಡಿಯುವ ಕೂಲಿಯವರಿಗೆ, ಅವರಲ್ಲಿಯೂ ಹೆಂಗಸರಿಗೆ, ಅಲ್ಲಿ ಮಾತಿಲ್ಲ. ಲಕ್ಕಮ್ಮನವರ ಅಳತೆಗೋಲಿನಿಂದ ಅಳೆದರೆ ಇದು ಅರ್ಧ ನಡೆದ ದಾರಿ.

ಚನ್ನಪಟ್ಟಣದ ಅರಗಿನ ಬೊಂಬೆಯ ಕಸುಬಿನಲ್ಲಿ ಈ ಮಾತು ಮತ್ತೊಂದು ಬಗೆಯಾಗಿ ನಡೆಯಿತು. ಹಾಲೆಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ರೂಪಕ್ಕೆ ತಂದು, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜುವಿಕೆಯ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುವುದು. ಬಳಿಕ ಕೇದಗೆಯ ಎಲೆಯಿಂದ ಉಜ್ಜಿ ಹೊಳಪು ಬರಿಸುವರು. ಜಪಾನಿನ ಕ್ರಮಗಳನ್ನು ತಂದು ಇಲ್ಲಿಯವರಿಗೆ ಕಲಿಸಿದ ಬಾವಾಸ್ ಮಿಯಾನರನ್ನು ಕಸುಬುದಾರರು ಈಗಲೂ ಸ್ಮರಿಸುವರು. ವಿದ್ಯೆಯನ್ನು ಮನೆಯೊಳಗೆ ಬಚ್ಚಿಡದೆ ಹಂಚಿದುದೇ ಅವರ ಹಿರಿಮೆ. 2006ರಲ್ಲಿ ಈ ಊರಿನ 254 ಮನೆಗೆಲಸದ ಘಟಕಗಳಲ್ಲಿಯೂ 50 ಸಣ್ಣ ಕಾರ್ಖಾನೆಗಳಲ್ಲಿಯೂ ಆರು ಸಾವಿರಕ್ಕೂ ಮಿಕ್ಕಿದ ಜನರು ದುಡಿಯುತ್ತಿದ್ದರು. ಯಂತ್ರ ಕೊಳ್ಳಲಾರದ ಬಡ ಕಸುಬುದಾರನು ವರ್ತಕನ ಮುಂಗಡಕ್ಕೆ ಸಿಕ್ಕಿಬೀಳುವುದು ಯಾವ ಕಸುಬಿನಲ್ಲಿಯೂ ಉಂಟಾದ ಕಥೆಯೇ. ಅದಕ್ಕೆ ಪರಿಹಾರವಾಗಿ ಸುಣ್ಣದಕೇರಿಯಲ್ಲಿ 32 ಯಂತ್ರಗಳುಳ್ಳ ಸಾಮುದಾಯಿಕ ಕರ್ಮಶಾಲೆಯು ಏರ್ಪಟ್ಟಿತು. ಡಚ್ಚರ ಸರ್ಕಾರದಿಂದಲೂ ರಾಜ್ಯದ ವಿಶ್ವ ಯೋಜನೆಯಿಂದಲೂ ಕಸುಬುದಾರರಿಗೆ ಧನಸಹಾಯವು ದೊರೆಯಿತು. ಮಾಯಾ ಆರ್ಗ್ಯಾನಿಕ್ ಎಂಬ ಸಂಸ್ಥೆಯು ಕಸುಬುದಾರರನ್ನು ಗುಂಪುಗಳಾಗಿ ಕೂಡಿಸಿ ಕೆಲಸಮಾಡಿತು. ಗಂಡಸರದೇ ಆಗಿದ್ದ ಯಂತ್ರದ ಮುಂದೆ ಹೆಂಗಸರೂ ಉಳಿ ಹಿಡಿದು ಕುಳಿತರು.

ಕೂಡಿ ದುಡಿಯುವ ಪದ್ಧತಿಗೆ ಕಾಯಿದೆಯ ಆಧಾರವು ಕನ್ನಡ ನಾಡಿನಲ್ಲಿ ಬಹು ಬೇಗನೆ ದೊರೆತಿದ್ದಿತು. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಮೈಸೂರು ಸಂಸ್ಥಾನದಲ್ಲಿಯೂ ಅದೇ ವರ್ಷ ಸಹಕಾರದ ಕಾಯಿದೆಯಾಯಿತು. ಆ ಬೀಜವು ಕನಕಪುರ, ಮಾಗಡಿಗಳ ಹಳ್ಳಿಗಳಲ್ಲಿ ಚೆನ್ನಾಗಿ ಫಲಿಸಿದುದು ಹಾಲಿನ ಸಂಘಗಳಲ್ಲಿ. ಗುಜರಾತಿನ ಆನಂದದ ಮಾದರಿಯಂತೆ ಕಟ್ಟಿದ ಈ ಸಂಘಗಳಲ್ಲಿ ಒಂದೇ ಹಸುವುಳ್ಳ ವಿಧವೆಗೂ ಹತ್ತು ಹಸುಗಳುಳ್ಳ ಗೌಡನಿಗೂ ಒಂದೊಂದೇ ಮತ. ಹೆಂಗಸರೇ ಸದಸ್ಯರೂ, ಹೆಂಗಸರೇ ಆಡಳಿತ ಮಂಡಳಿಯೂ ಆದ ಮಹಿಳಾ ಸಂಘಗಳೂ ಉಂಟು. ಬೆಳಗ್ಗೆಯೂ ಸಂಜೆಯೂ ಹಾಲನ್ನು ಅಳೆದು, ಕೊಬ್ಬಿನ ಅಂಶವನ್ನು ಪರೀಕ್ಷಿಸಿ, ಲೆಕ್ಕವನ್ನು ಬರೆದಿಡುವರು; ತನ್ನ ಪುಸ್ತಕದಲ್ಲಿ ಅಂಕೆ ತಪ್ಪಿದ್ದರೆ ಕರೆದು ಕೇಳುವ ಅಧಿಕಾರವು ಹಾಲು ತಂದ ಹೆಣ್ಣುಮಗಳಿಗೇ ಇರುವುದು.